ಕೀರ್ತನೆಯ ಹಿಂದಿನ ಕಥೆ ನಿಜವಾಗಿರಲಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ದಿನದ ಚಿಂತನೆಯ ಅಂಕಣದಲ್ಲಿ ವಚನಗಳು, ದಾಸರ ಪದಗಳು ಮತ್ತು ಸೂಫಿ ಸಂತರ ನುಡಿಗಳ ಜೊತೆಗೆ ಕ್ರೈಸ್ತ ಭಕ್ತಿಗೀತೆಗಳಿಗೂ ಸ್ಥಳ ದೊರೆಯುತ್ತಿರುವುದು ನನ್ನಂಥ ಓದುಗರಿಗೆ ಬಹಳ ಸಂತೋಷದ ಸಂಗತಿ. ಕ್ರಿಸ್ಮಸ್ ವಾರದಲ್ಲಿ ಒಮ್ಮೆ, ಶುಭಶುಕ್ರವಾರದಂದು ಒಮ್ಮೆ ನೆನಪಾಗಿ ಆಮೇಲೆ ಮರೆತುಹೋಗುತ್ತಿದ್ದ ಈ ಸಾಹಿತ್ಯ ವರ್ಷದ ಉಳಿದ ದಿನಗಳಲ್ಲೂ ಎಲ್ಲ ಮತದ ಓದುಗರ ಕೈಗೆ ಸಿಗುತ್ತಿದೆ. ಅಂಕಣದ ಬಗ್ಗೆ ಪ್ರೀತಿ ಇರುವುದರಿಂದಲೇ ಒಂದು ವಿಷಯವನ್ನು ನಿಮ್ಮ ಗಮನಕ್ಕೆ ತರಬೇಕೆನಿಸಿದೆ. ಗೀತೆಗಳ ಹಿನ್ನೆಲೆಯಾಗಿ ಅಲ್ಲಿ ಹೇಳಲಾಗುವ ಕಥೆಗಳು ಹಲವು ಬಾರಿ ನಡೆದ ಕಥೆಗಳಲ್ಲ. ನಡೆದದ್ದು ಅವುಗಳಿಗಿಂತ ಕಠಿಣವಾದದ್ದು, ಮತ್ತು ಭಕ್ತಿಗೆ ಹೆಚ್ಚು ಉಪಯುಕ್ತವಾದದ್ದು.

ಇತ್ತೀಚೆಗೆ ಪ್ರಕಟವಾದ, ‘ಅಮೇಜಿಂಗ್ ಗ್ರೇಸ್’ (ಬೆರಗಿನ ಕೃಪೆ) ಎಂಬ ಇಂಗ್ಲಿಷ್ ಭಕ್ತಿಗೀತೆಯ ಕುರಿತ ಬರಹವನ್ನೇ ತೆಗೆದುಕೊಳ್ಳೋಣ. ಜಾನ್ ನ್ಯೂಟನ್ ಎಂಬ ಕಪ್ತಾನ ಆಫ್ರಿಕದಿಂದ ಗುಲಾಮರನ್ನು ತುಂಬಿಕೊಂಡು ಹೋಗುವಾಗ ಬಿರುಗಾಳಿಗೆ ಸಿಕ್ಕಿ, ದೇವರಿಗೆ ಮೊರೆಯಿಟ್ಟು ಬದುಕಿಕೊಂಡು, ಕೂಡಲೇ ಹಡಗನ್ನು ಹಿಂದಕ್ಕೆ ತಿರುಗಿಸಿ ಗುಲಾಮರನ್ನು ಬಿಡುಗಡೆ ಮಾಡಿ, ಆ ಕೃತಜ್ಞತೆಯಲ್ಲೇ ಹಾಡನ್ನು ಬರೆದ ಎಂಬುದು ಬರಹದ ಸಾರಾಂಶ. ಇದೇ ಕಥೆಯನ್ನು ಚರ್ಚಿನ ಪ್ರಸಂಗಪೀಠದಿಂದಲೂ ಕೇಳಿದ್ದೇನೆ, ವಾಟ್ಸ್‌ಆ್ಯಪ್ ಸಂದೇಶಗಳಲ್ಲೂ ಓದಿದ್ದೇನೆ. ಆದರೆ ನ್ಯೂಟನ್ ತನ್ನ ಬದುಕಿನ ಬಗ್ಗೆ ತಾನೇ ಬರೆದಿಟ್ಟು ಹೋದವನು. ಅವನ ಆತ್ಮವೃತ್ತಾಂತ, ಪತ್ರಗಳು, ದಿನಚರಿ, ಹಡಗಿನ ದಾಖಲೆ ಎಲ್ಲವೂ ಉಳಿದಿವೆ. ಅವು ಹೇಳುವುದು ಬೇರೆಯೇ.

ಬಿರುಗಾಳಿ ನಿಜ. ಅದು 1748ರ ಮಾರ್ಚ್ ತಿಂಗಳಲ್ಲಿ, ಅಟ್ಲಾಂಟಿಕ್ ಸಾಗರದ ಉತ್ತರ ಭಾಗದಲ್ಲಿ, ‘ಗ್ರೇಹೌಂಡ್’ ಎಂಬ ಹಡಗಿಗೆ ಬಡಿಯಿತು. ನ್ಯೂಟನ್‌ಗೆ ಆಗ ಇಪ್ಪತ್ತೆರಡು ವರ್ಷ. ಅವನು ಆ ಹಡಗಿನ ಕಪ್ತಾನನಾಗಿರಲಿಲ್ಲ, ಅದರಲ್ಲಿ ಗುಲಾಮರೂ ಇರಲಿಲ್ಲ. ಚಿನ್ನ, ದಂತ, ಜೇನುಮೇಣ, ಬಣ್ಣ ತೆಗೆಯುವ ಮರ ಇಂಥ ಸರಕನ್ನು ಹೊತ್ತ ಹಡಗು ಅದು. ನೀರು ಒಳನುಗ್ಗಿದಾಗ ಅವನು ಗಂಟೆಗಟ್ಟಲೆ ಪಂಪು ಹೊಡೆದ, ಆಮೇಲೆ ಚುಕ್ಕಾಣಿ ಹಿಡಿದು ನಿಂತ, ತನ್ನಂಥವನಿಗೆ ಕರುಣೆ ದೊರೆಯಬಲ್ಲುದೇ ಎಂದು ಅಲ್ಲಿ ನಿಂತೇ ಯೋಚಿಸಿದ. ಸುಮಾರು ನಾಲ್ಕು ವಾರಗಳ ನಂತರ ಹಡಗು ಐರ್ಲೆಂಡಿನ ಕರಾವಳಿಯನ್ನು ಮುಟ್ಟಿತು. ಬಿರುಗಾಳಿಯ ಆ ದಿನವನ್ನು ಅವನು ಕೊನೆಯವರೆಗೂ ಪ್ರತಿ ವರ್ಷ ಉಪವಾಸ ಪ್ರಾರ್ಥನೆಗಳಿಂದ ಸ್ಮರಿಸುತ್ತಿದ್ದ. ಇಷ್ಟರವರೆಗೆ ಜನಪ್ರಿಯ ಕಥೆಗೂ ನಿಜಕ್ಕೂ ಹೋಲಿಕೆಯಿದೆ.

ಮುಂದಿನದನ್ನು ಯಾರೂ ಹೇಳುವುದಿಲ್ಲ. ಬದುಕಿ ಬಂದ ನ್ಯೂಟನ್ ಅದೇ ವರ್ಷ ಗುಲಾಮರ ಹಡಗೊಂದರಲ್ಲಿ ಕಪ್ತಾನನ ಕೆಳಗಿನ ಅಧಿಕಾರಿಯಾಗಿ ಆಫ್ರಿಕಕ್ಕೆ ಹೊರಟ. 1750ರಲ್ಲಿ ಮೇರಿ ಕ್ಯಾಟ್ಲೆಟ್‌ಳನ್ನು ಮದುವೆಯಾದ ಮೇಲೆ ತಾನೇ ಕಪ್ತಾನನಾಗಿ ಮೂರು ಬಾರಿ ಗುಲಾಮರನ್ನು ಸಾಗಿಸಿದ. ಭಾನುವಾರಗಳಂದು ನಾವಿಕರನ್ನು ಕೂಡಿಸಿ ಆರಾಧನೆ ನಡೆಸುತ್ತಿದ್ದ, ಹೆಂಡತಿಗೆ ಭಕ್ತಿ ತುಂಬಿದ ಪತ್ರಗಳನ್ನು ಬರೆಯುತ್ತಿದ್ದ. ಅವನ ಕಾಲಡಿಯ ಹಲಗೆಯ ಕೆಳಗೆ ಸಂಕೋಲೆ ತೊಡಿಸಿದ ಗಂಡಸರು, ಹೆಂಗಸರು, ಮಕ್ಕಳು ಇದ್ದರು. ದಂಗೆಯ ಸಂಶಯ ಬಂದಾಗ ಹುಡುಗರ ಹೆಬ್ಬೆರಳುಗಳಿಗೆ ತಿರುಪು ಹಾಕಿ ಬಾಯಿ ಬಿಡಿಸಿದ್ದನ್ನು ಅವನ ಹಡಗಿನ ದಾಖಲೆಯೇ ಹೇಳುತ್ತದೆ. 1754ರಲ್ಲಿ ಅವನು ಸಮುದ್ರಯಾನವನ್ನು ಬಿಟ್ಟದ್ದು ಆತ್ಮಸಾಕ್ಷಿ ಚುಚ್ಚಿದ್ದರಿಂದ ಅಲ್ಲ. ಪ್ರಯಾಣಕ್ಕೆ ಸಿದ್ಧನಾಗಿದ್ದಾಗ ಹಠಾತ್ತನೆ ಕಾಯಿಲೆ ಬಿದ್ದದ್ದರಿಂದ. ಆಮೇಲೆ ಲಿವರ್‌ಪೂಲ್ ಬಂದರಿನಲ್ಲಿ ಸುಂಕದ ಅಧಿಕಾರಿಯಾದ. ಬಿರುಗಾಳಿಯ ಆ ದಿನಗಳಲ್ಲಿ ತಾನು ಪೂರ್ಣ ಅರ್ಥದಲ್ಲಿ ವಿಶ್ವಾಸಿಯಾಗಿದ್ದೆನೆಂದು ಹೇಳಿಕೊಳ್ಳಲಾರೆ ಎಂದು 1764ರಲ್ಲಿ ಪ್ರಕಟವಾದ ತನ್ನ ಆತ್ಮವೃತ್ತಾಂತದಲ್ಲಿ ಅವನೇ ಬರೆದಿದ್ದಾನೆ. ಅದೇ ವರ್ಷ ಅವನಿಗೆ ಪಾದ್ರಿಯ ದೀಕ್ಷೆಯಾಗಿ, ಬಕಿಂಗ್‌ಹ್ಯಾಮ್‌ಶೈರ್ ಪ್ರಾಂತದ ಓಲ್ನಿ ಎಂಬ ಚಿಕ್ಕ ಊರಿನ ಸಭೆ (ಚರ್ಚು) ದೊರೆಯಿತು.

ಓಲ್ನಿ ಬಡವರ ಊರು. ಅಲ್ಲಿನ ಹೆಂಗಸರು ಮಕ್ಕಳು ಮನೆಯಲ್ಲಿ ಕೂತು ಲೇಸ್ ಹೆಣೆದು ಜೀವನ ಸಾಗಿಸುತ್ತಿದ್ದರು. ವಾರದ ನಡುವಿನ ಪ್ರಾರ್ಥನಾ ಕೂಟಕ್ಕೆ ಬರುವ ಈ ಜನಕ್ಕಾಗಿ, ಅಂದಂದಿನ ಬೈಬಲ್ ವಾಕ್ಯಭಾಗವನ್ನು ಅವರ ನಾಲಿಗೆಯಲ್ಲಿ ನಿಲ್ಲಿಸುವುದಕ್ಕಾಗಿ, ನ್ಯೂಟನ್ ಹಾಡುಗಳನ್ನು ಬರೆಯತೊಡಗಿದ. ‘ಅಮೇಜಿಂಗ್ ಗ್ರೇಸ್’ ಅಂಥ ಹಾಡುಗಳಲ್ಲೊಂದು. ಅದು 1773ರ ಜನವರಿ 1ರ ಹೊಸವರ್ಷದ ಪ್ರಸಂಗಕ್ಕಾಗಿ ಸಿದ್ಧವಾದದ್ದು. ಆ ದಿನದ ವಾಕ್ಯ ಪೂರ್ವಕಾಲವೃತ್ತಾಂತ ಪ್ರಥಮಭಾಗದ 17ನೆಯ ಅಧ್ಯಾಯದ್ದು. ಇಷ್ಟು ದೂರ ನೀನು ನನ್ನನ್ನು ಕರೆತರಲು ನಾನು ಎಷ್ಟರವನು, ನನ್ನ ಮನೆ ಎಷ್ಟರದು ಎಂದು ಅರಸ ದಾವೀದನು ದೇವರ ಸನ್ನಿಧಿಯಲ್ಲಿ ಕುಳಿತು ಕೇಳುವ ಭಾಗ. ಹಾಡಿನಲ್ಲಿ ಸಮುದ್ರವಿಲ್ಲ, ಹಡಗಿಲ್ಲ, ಬಿರುಗಾಳಿಯೂ ಇಲ್ಲ. ಇರುವುದು ದಾವೀದನ ಪ್ರಶ್ನೆ: ಇಲ್ಲಿಯವರೆಗೆ ತಂದದ್ದು ಯಾರು, ಇನ್ನು ಮುಂದೆ ಕೊಂಡೊಯ್ಯುವುದು ಯಾರು.

ಆ ಹೊಸವರ್ಷದ ದಿನಕ್ಕೆ ಬಿರುಗಾಳಿ ಕಳೆದು ಇಪ್ಪತ್ತೈದು ವರ್ಷಗಳಾಗುತ್ತ ಬಂದಿದ್ದವು. ಆದರೂ ಗುಲಾಮರ ವ್ಯಾಪಾರ ನಿಲ್ಲಬೇಕೆಂದು ನ್ಯೂಟನ್ ಬಹಿರಂಗವಾಗಿ ಹೇಳಿರಲಿಲ್ಲ. ಅದಕ್ಕೆ ಇನ್ನೂ ಹದಿನೈದು ವರ್ಷ ಬೇಕಾಯಿತು. 1785ರ ಕೊನೆಯಲ್ಲಿ ವಿಲಿಯಂ ವಿಲ್ಬರ್‌ಫೋರ್ಸ್ ಎಂಬ ಯುವ ಸಂಸದ, ರಾಜಕೀಯವನ್ನು ಬಿಡಲೇ ಎಂಬ ಗೊಂದಲದಲ್ಲಿ, ಲಂಡನ್ನಿನ ಸಭೆಯೊಂದರ ಪಾಲಕನಾಗಿದ್ದ ನ್ಯೂಟನ್‌ನನ್ನು ಗುಟ್ಟಾಗಿ ಕಂಡಾಗ, ಸಂಸತ್ತಿನಲ್ಲೇ ಇದ್ದು ದೇವರ ಸೇವೆ ಮಾಡು ಎಂಬ ಸಲಹೆ ಸಿಕ್ಕಿತು. 1788ರಲ್ಲಿ ನ್ಯೂಟನ್ ಆಫ್ರಿಕದ ಗುಲಾಮರ ವ್ಯಾಪಾರದ ಮೇಲೆ ಒಂದು ಕಿರುಪುಸ್ತಕವನ್ನು ಪ್ರಕಟಿಸಿದ. ಹಡಗಿನ ಕೆಳಭಾಗದಲ್ಲಿ ಮನುಷ್ಯರನ್ನು ಕಪಾಟಿನ ಪುಸ್ತಕಗಳಂತೆ ಸಾಲುಸಾಲಾಗಿ ಒತ್ತಿ ಮಲಗಿಸುತ್ತಿದ್ದ ಬಗೆಯನ್ನು ಅಲ್ಲಿ ಕಣ್ಣಿಗೆ ಕಟ್ಟುವಂತೆ ವಿವರಿಸಿ, ಇಂಥ ಕೆಲಸದಲ್ಲಿ ತಾನೇ ಕೈಯಾಡಿಸಿದ್ದವನೆಂಬ ನೆನಪು ತನ್ನನ್ನು ಸದಾ ತಗ್ಗಿಸುತ್ತದೆ, ಈ ತಪ್ಪೊಪ್ಪಿಗೆ ಬಹಳ ತಡವಾಗಿ ಬಂದಿದೆ ಎಂದು ಬರೆದ. ಬ್ರಿಟಿಷ್ ಸಂಸತ್ತು ಆ ವ್ಯಾಪಾರವನ್ನು ನಿಷೇಧಿಸಿದ್ದು 1807ರ ಮಾರ್ಚ್‌ನಲ್ಲಿ. ನ್ಯೂಟನ್ ತೀರಿಕೊಂಡದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ.

ಇಸವಿಗಳ ಈ ಅಂತರ ಸಣ್ಣ ಸಂಗತಿಯಲ್ಲ. ಒಂದು ರಾತ್ರಿಯ ಬಿರುಗಾಳಿಯಲ್ಲಿ ಮನುಷ್ಯ ಪೂರ್ತಿ ಬದಲಾದ ಎಂದು ಹೇಳಿದರೆ, ಭಕ್ತಿಯಿಂದ ಹಾಡುತ್ತಲೇ ಒಬ್ಬ ಮನುಷ್ಯ ಇನ್ನೊಬ್ಬನನ್ನು ಮಾರಬಲ್ಲನೆಂಬ ಭಯಂಕರ ಸತ್ಯ ಓದುಗರಿಂದ ಮರೆಯಾಗುತ್ತದೆ. ನ್ಯೂಟನ್‌ನ ಬದುಕಿನಲ್ಲಿ ಕೃಪೆ ಕೆಲಸ ಮಾಡಿದ್ದು ನಲವತ್ತು ವರ್ಷ. ಮೊದಲು ಅವನ ಬೈಗುಳ ನಿಂತಿತು, ಪ್ರಾರ್ಥನೆ ಆರಂಭವಾಯಿತು. ತನ್ನ ಹೊಟ್ಟೆಪಾಡಿನ ಕೆಲಸವೇ ಪಾಪವೆಂದು ಕಾಣುವುದಕ್ಕೆ ಅರ್ಧ ಆಯುಷ್ಯ ಹಿಡಿಯಿತು. ಮಾನಸಾಂತರದ, ಅಂದರೆ ಪಾಪದಿಂದ ಮನಸ್ಸು ತಿರುಗುವುದರ ಬಗ್ಗೆ ಇದಕ್ಕಿಂತ ಪ್ರಾಮಾಣಿಕವಾದ ಸಾಕ್ಷಿ ಬೇರೊಂದು ಬೇಕೆ? ತಮ್ಮ ಪಾಪ ಇನ್ನೂ ಬಿಟ್ಟಿಲ್ಲವೆಂದು ಕೊರಗುವ ಸಾಮಾನ್ಯ ವಿಶ್ವಾಸಿಗೆ ಹಡಗು ತಿರುಗಿಸಿದ ವೀರನ ಕಥೆ ಏನನ್ನೂ ಕೊಡುವುದಿಲ್ಲ. ಅಷ್ಟೇ ಮುಖ್ಯವಾಗಿ, ಸಂಕೋಲೆಯಲ್ಲಿದ್ದವರ ಪಾಡು ಆ ಕಥೆಯಲ್ಲಿ ಒಂದೇ ಸಾಲಿನ ಬಿಡುಗಡೆಯಲ್ಲಿ ಮುಗಿದುಹೋಗುತ್ತದೆ. ವಾಸ್ತವದಲ್ಲಿ ಅವರನ್ನು ಯಾರೂ ಬಿಡುಗಡೆ ಮಾಡಲಿಲ್ಲ.

ಹಾಡಿನ ಮುಂದಿನ ಚರಿತ್ರೆಯೂ ಹೀಗೆಯೇ ಗಮನಕ್ಕೆ ಯೋಗ್ಯ. ನಾವು ಇಂದು ಕೇಳುವ ರಾಗವನ್ನು ನ್ಯೂಟನ್ ಕೇಳಿರಲಿಲ್ಲ. ‘ನ್ಯೂ ಬ್ರಿಟನ್’ ಎಂಬ ಆ ಧಾಟಿಗೆ ಈ ಪದಗಳನ್ನು ಜೋಡಿಸಿದ್ದು ಅಮೆರಿಕದ ವಿಲಿಯಂ ವಾಕರ್, 1835ರಲ್ಲಿ. ಹತ್ತು ಸಾವಿರ ವರ್ಷಗಳ ಮಾತು ಬರುವ ಕೊನೆಯ ಚರಣ ನ್ಯೂಟನ್‌ನದ್ದಲ್ಲ; 1852ರ ‘ಅಂಕಲ್ ಟಾಮ್ಸ್ ಕ್ಯಾಬಿನ್’ ಕಾದಂಬರಿಯಲ್ಲಿ ಗುಲಾಮನಾದ ಟಾಮ್ ಈ ಗೀತೆಯ ಚರಣಗಳ ಜೊತೆ ಅದನ್ನೂ ಸೇರಿಸಿ ಹಾಡುತ್ತಾನೆ. ಗುಲಾಮರನ್ನು ಸಾಗಿಸಿದವನ ಹಾಡನ್ನು ಗುಲಾಮರ ಮಕ್ಕಳು ಮೊಮ್ಮಕ್ಕಳು ತಮ್ಮದಾಗಿಸಿಕೊಂಡು ಬೆಳೆಸಿದರು ಎಂಬುದನ್ನು ಬರೆಯಲು ಅಂಕಣದಲ್ಲಿ ಮೂರು ಸಾಲು ಸಾಕು.

ಓಲ್ನಿಯ ಮಾತು ಬಂದಮೇಲೆ ವಿಲಿಯಂ ಕೌಪರ್‌ನನ್ನು ಬಿಟ್ಟುಬಿಡಲು ನನ್ನ ಮನಸ್ಸು ಒಪ್ಪುವುದಿಲ್ಲ. ನ್ಯೂಟನ್‌ನ ನೆರೆಮನೆಯವನು, ಆ ಕಾಲದ ಇಂಗ್ಲೆಂಡಿನ ಶ್ರೇಷ್ಠ ಕವಿಗಳಲ್ಲಿ ಒಬ್ಬ. ಆರನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡವನು; 1763ರಲ್ಲಿ ಒಂದು ಸರ್ಕಾರಿ ಹುದ್ದೆಯ ಪರೀಕ್ಷೆಯ ಭಯದಿಂದ ಮನಸ್ಸು ಕದಡಿ ಪ್ರಾಣ ಕಳೆದುಕೊಳ್ಳಲು ಯತ್ನಿಸಿ, ಸೇಂಟ್ ಆಲ್ಬನ್ಸ್‌ನ ವೈದ್ಯರೊಬ್ಬರ ಆರೈಕೆಯಲ್ಲಿ ಚೇತರಿಸಿಕೊಂಡವನು. ಅವನನ್ನು ಕವಿತೆಯ ಕೆಲಸದಲ್ಲಿ ತೊಡಗಿಸಿದರೆ ಒಳ್ಳೆಯದಾದೀತೆಂದು ನ್ಯೂಟನ್ 1771ರಲ್ಲಿ ಜೊತೆಯಾಗಿ ಗೀತೆಗಳ ಪುಸ್ತಕ ಮಾಡುವ ಯೋಚನೆ ಮುಂದಿಟ್ಟ. ‘ಓಲ್ನಿ ಹಿಮ್ಸ್’ ಎಂಬ ಆ ಸಂಕಲನ 1779ರಲ್ಲಿ ಹೊರಬಂದಾಗ ಅದರ 348 ಗೀತೆಗಳಲ್ಲಿ ಕೌಪರ್‌ನವು ಎಪ್ಪತ್ತಕ್ಕೂ ಕಡಿಮೆ ಇದ್ದವು. ಕಾರಣ, ‘ಅಮೇಜಿಂಗ್ ಗ್ರೇಸ್’ ಮೊದಲು ಕೇಳಿಬಂದ ಅದೇ 1773ರ ಜನವರಿಯಲ್ಲಿ ಕೌಪರ್‌ನ ಮನಸ್ಸು ಮತ್ತೆ ಕುಸಿಯಿತು. ದೇವರು ತನ್ನನ್ನು ಶಾಶ್ವತವಾಗಿ ಕೈಬಿಟ್ಟಿದ್ದಾನೆಂಬ ನಂಬಿಕೆ ಅವನಲ್ಲಿ ಬೇರೂರಿತು. ಅದು 1800ರಲ್ಲಿ ಸಾಯುವವರೆಗೂ ಪೂರ್ತಿ ಹೋಗಲಿಲ್ಲ. ಮತ್ತೆಂದೂ ಅವನು ಆರಾಧನೆಗೆ ಹೋಗಲಿಲ್ಲ.

ದೇವರ ಮಾರ್ಗಗಳು ನಿಗೂಢ, ನೀವು ಅಂಜುವ ಮೋಡಗಳೇ ಕರುಣೆಯನ್ನು ಸುರಿಸುವವು ಎಂಬ ಅರ್ಥದ, ಜಗತ್ತಿನಾದ್ಯಂತ ಹಾಡುವ ಗೀತೆ ಅವನದು. ಅದರ ಸುತ್ತಲೂ ಒಂದು ದಂತಕಥೆ ಬೆಳೆದಿದೆ. ಥೇಮ್ಸ್ ನದಿಗೆ ಬೀಳಲೆಂದು ಬಾಡಿಗೆ ಗಾಡಿಯಲ್ಲಿ ಹೊರಟ ಕೌಪರ್‌ನನ್ನು ದಟ್ಟ ಮಂಜಿನಲ್ಲಿ ದಾರಿ ತಪ್ಪಿದ ಗಾಡಿಯವನು ತಿರುಗಿ ಮನೆಬಾಗಿಲಿಗೇ ತಂದು ಬಿಟ್ಟನಂತೆ, ದೇವರ ಕೈಯನ್ನು ಕಂಡ ಕವಿ ಒಳಗೆ ಹೋಗಿ ಗೀತೆ ಬರೆದನಂತೆ. ಗೀತೆ ಹುಟ್ಟಿದ್ದು ಲಂಡನ್ನಿನಲ್ಲಲ್ಲ, ಓಲ್ನಿಯಲ್ಲಿ. ಗಂಡಾಂತರದಿಂದ ಪಾರಾದ ಮೇಲಲ್ಲ, ಕತ್ತಲು ಕವಿಯುವುದಕ್ಕೆ ತುಸು ಮೊದಲು. ಅಂದರೆ ಅದು ಬದುಕುಳಿದವನ ಕೃತಜ್ಞತೆಯ ಗೀತೆಯಾಗಿರದೆ, ಬರುತ್ತಿರುವ ಕತ್ತಲಿನ ಎದುರು ನಿಂತವನು ಹಿಡಿದುಕೊಂಡ ವಿಶ್ವಾಸದ ಗೀತೆ. ಆ ವಿಶ್ವಾಸವನ್ನು ಬರೆದವನಿಗೆ ಆಮೇಲೆ ಅದರ ಸಮಾಧಾನ ಸಿಗಲಿಲ್ಲ, ಲಕ್ಷಾಂತರ ಇತರರಿಗೆ ಸಿಕ್ಕಿತು. ಮನೋರೋಗದಿಂದ ನರಳುವವರು ಮತ್ತು ಅವರನ್ನು ನೋಡಿಕೊಳ್ಳುವವರು ನಿಮ್ಮ ಓದುಗರಲ್ಲೂ ಇದ್ದಾರೆ. ಪ್ರಾರ್ಥಿಸಿದರೆ ಮಂಜು ಕವಿದು ಗಾಡಿ ಮನೆಗೆ ಬರುತ್ತದೆ ಎಂದು ಅವರಿಗೆ ಹೇಳುವುದು ಕ್ರೌರ್ಯವಾದೀತು. ಕುಸಿದುಬಿದ್ದ ಗೆಳೆಯನನ್ನು ನ್ಯೂಟನ್ ವರ್ಷಕ್ಕೂ ಮೀರಿ ತನ್ನ ಮನೆಯಲ್ಲೇ ಇರಿಸಿಕೊಂಡ, ನಿನ್ನ ವಿಶ್ವಾಸ ಕಡಿಮೆಯಾಯಿತೆಂದು ದೂರ ಮಾಡಲಿಲ್ಲ ಎಂಬುದನ್ನು ಹೇಳುವುದು ಅವರಿಗೆ ನಿಜವಾದ ಸಹಾಯ. ಓಲ್ನಿಯ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದ ಸಂಗತಿ ಇದೇ; ಯಾವ ಭಕ್ತಿಕಥೆಯಲ್ಲೂ ಇದನ್ನು ನಾನು ಓದಿಲ್ಲ.

ಚಿಂತನೆಯ ಅಂಕಣ ಚರಿತ್ರೆಯ ಪಾಠವಲ್ಲ, ಓದುಗನ ಮನಸ್ಸು ಮೇಲೇಳುವಂಥ ಕಥೆಯಿದ್ದರೆ ಸಾಕು ಎಂದು ಕೆಲವರು ಹೇಳಬಹುದು. ಭಕ್ತಿಪರಂಪರೆಗಳಲ್ಲಿ ಐತಿಹ್ಯಕ್ಕೆ ಅದರದೇ ಗೌರವದ ಸ್ಥಾನವಿರುವುದನ್ನು ನಾನು ಒಪ್ಪುತ್ತೇನೆ. ದಾಖಲೆ ಉಳಿದಿಲ್ಲದ ಸಂತರ ವಿಷಯದಲ್ಲಿ ಜನರ ನೆನಪೇ ಚರಿತ್ರೆ. ಅದನ್ನು ಐತಿಹ್ಯವೆಂದು ಹೇಳಿಯೇ ಹೇಳಬಹುದು. ಆದರೆ ನ್ಯೂಟನ್‌ನಂಥವನು ತನ್ನ ಪಾಪವನ್ನು ತಾನೇ ಬರೆದು ಒಪ್ಪಿಕೊಂಡಿರುವಾಗ, ಆ ಒಪ್ಪಿಗೆಯನ್ನು ಬದಿಗಿಟ್ಟು ಅವನನ್ನು ಒಳ್ಳೆಯವನನ್ನಾಗಿ ತೋರಿಸುವುದು ಅವನ ಸಾಕ್ಷಿಗೇ ಮಾಡುವ ಅನ್ಯಾಯ. ಸತ್ಯವನ್ನು ಆರಾಧಿಸುತ್ತೇವೆನ್ನುವ ಸಭೆಯವರಾದ ನಮಗಂತೂ ಇದು ಸಲ್ಲದು.

ಬೇರೆ ಗೀತೆಗಳಿಗೂ ಇದೇ ಗತಿಯಾಗಿದೆ. ‘ಸೈಲೆಂಟ್ ನೈಟ್’ ಎಂಬ ಕ್ರಿಸ್ಮಸ್ ಗೀತೆ, ಇಲಿಗಳು ಚರ್ಚಿನ ಆರ್ಗನ್ ವಾದ್ಯವನ್ನು ಕಡಿದದ್ದರಿಂದ ಒಂದೇ ರಾತ್ರಿಯಲ್ಲಿ ಹುಟ್ಟಿತೆಂದು ಪ್ರತಿ ಡಿಸೆಂಬರ್‌ನಲ್ಲೂ ಓದುತ್ತೇವೆ. ಯೋಸೆಫ್ ಮೋರ್ ಎಂಬ ಬಡ ಪಾದ್ರಿ ಆ ಕವಿತೆಯನ್ನು ಬರೆದದ್ದು 1816ರಲ್ಲಿ, ನೆಪೋಲಿಯನ್ನನ ಯುದ್ಧಗಳಿಂದ ಜರ್ಜರಿತವಾಗಿದ್ದ ಆಸ್ಟ್ರಿಯದ ನಾಡಿನಲ್ಲಿ. ಫ್ರಾಂಜ್ ಗ್ರೂಬರ್ ರಾಗ ಕೂಡಿಸಿ ಓಬರ್ನ್‌ಡಾರ್ಫ್‌ನಲ್ಲಿ ಇಬ್ಬರೂ ಗಿಟಾರಿನೊಂದಿಗೆ ಹಾಡಿದ್ದು 1818ರ ಡಿಸೆಂಬರ್ 24ರಂದು. ಶಾಂತಿಯನ್ನು ಬೇಡುವ ಆ ಪದಗಳಿಗೆ ಯುದ್ಧ ಮುಗಿದ ಮರುವರ್ಷದ ಇಸವಿಯೇ ತಕ್ಕ ಹಿನ್ನೆಲೆ, ಇಲಿಗಳಲ್ಲ. ಬಿ.ಎಂ. ಶ್ರೀಕಂಠಯ್ಯನವರು ‘ಕರುಣಾಳು ಬಾ ಬೆಳಕೆ’ ಎಂದು ಕನ್ನಡಕ್ಕೆ ತಂದು ಮತಭೇದವಿಲ್ಲದೆ ಕನ್ನಡಿಗರೆಲ್ಲರ ಪ್ರಾರ್ಥನೆಯಾಗಿಸಿದ ಗೀತೆಯ ಮೂಲವನ್ನು ಆಗ ಆಂಗ್ಲಿಕನ್ ಪಾದ್ರಿಯಾಗಿದ್ದ ಜಾನ್ ಹೆನ್ರಿ ನ್ಯೂಮನ್ ಬರೆದದ್ದು 1833ರ ಜೂನ್ 16ರಂದು, ಸಿಸಿಲಿಯಲ್ಲಿ ಜ್ವರದಿಂದ ಸಾವಿನ ಅಂಚಿಗೆ ಹೋಗಿ ಬಂದು, ಕಿತ್ತಳೆಹಣ್ಣು ಸಾಗಿಸುವ ಹಾಯಿಹಡಗಿನಲ್ಲಿ ಊರಿಗೆ ಮರಳುವಾಗ, ಗಾಳಿಯಿಲ್ಲದೆ ಹಡಗು ಬೊನಿಫಾಸಿಯೊ ಜಲಸಂಧಿಯಲ್ಲಿ ನಿಂತುಹೋಗಿದ್ದಾಗ. ಅದನ್ನು ಅವನ ಕಥೋಲಿಕ ಮತಾಂತರದ ಗೀತೆಯೆಂದು ಬರೆಯುವವರಿದ್ದಾರೆ. ಕಥೋಲಿಕ ಸಭೆಯನ್ನು ಅವನು ಸೇರಿದ್ದು ಹನ್ನೆರಡು ವರ್ಷಗಳ ನಂತರ, 1845ರಲ್ಲಿ. ಮುಂದಿನ ಒಂದು ಹೆಜ್ಜೆ ಕಂಡರೆ ಸಾಕೆಂದು ಬೇಡಿದವನಿಗೆ ದಾರಿಯ ಕೊನೆ ಅಂದು ಕಂಡಿರಲಿಲ್ಲ. ಆ ಬೇಡಿಕೆಗೆ ಬಲ ಬರುವುದೂ ಅದರಿಂದಲೇ.

ಇನ್ನೊಂದು ಕೋರಿಕೆ. ಅಂಕಣ ಇಂಗ್ಲಿಷ್ ಗೀತೆಗಳಲ್ಲೇ ನಿಂತುಬಿಡಬಾರದು. ನಮ್ಮ ಸುತ್ತಲೇ ಬೆಳೆದ ಕ್ರೈಸ್ತ ಭಕ್ತಿಕಾವ್ಯ ದೊಡ್ಡದಿದೆ. ಇಂಗ್ಲೆಂಡಿನಿಂದ 1579ರಲ್ಲಿ ಗೋವೆಗೆ ಬಂದ ಯೇಸುಸಭೆಯ (ಜೆಸ್ವಿಟ್) ಪಾದ್ರಿ ಥಾಮಸ್ ಸ್ಟೀಫನ್ಸ್ ಮರಾಠಿಯ ಓವಿ ಛಂದಸ್ಸಿನಲ್ಲಿ ‘ಕ್ರಿಸ್ತಪುರಾಣ’ವನ್ನು ರಚಿಸಿದ, ಸುಮಾರು ಹನ್ನೊಂದು ಸಾವಿರ ಓವಿಗಳ ಆ ಕೃತಿ 1616ರಲ್ಲಿ ಮೊದಲು ಅಚ್ಚಾಯಿತು. ಆ ಮೊದಲ ಮುದ್ರಣದ ಪ್ರತಿಗಳು ಉಳಿಯದಿದ್ದರೂ ಕೈಬರಹದ ಪ್ರತಿಗಳಲ್ಲಿ ಉಳಿದುಬಂದ ಕಾವ್ಯವನ್ನು ಜೋಸೆಫ್ ಸಲ್ಡಾನ್ಹಾ ಅವರು ನಮ್ಮ ಮಂಗಳೂರಿನಲ್ಲೇ 1907ರಲ್ಲಿ ಸಂಪಾದಿಸಿ ಪ್ರಕಟಿಸಿದರು. ಶಬ್ದಕೋಶದಿಂದ ಮಾತ್ರ ಎಲ್ಲರೂ ನೆನೆಯುವ ಫರ್ಡಿನಂಡ್ ಕಿಟೆಲ್ ಆ ಶಬ್ದಕೋಶಕ್ಕೂ ಮೂವತ್ತೆರಡು ವರ್ಷ ಮೊದಲೇ, 1862ರಲ್ಲಿ, ಯೇಸುವಿನ ಚರಿತ್ರೆಯನ್ನು ದೇಶೀ ಛಂದಸ್ಸುಗಳಲ್ಲಿ ‘ಕಥಾಮಾಲೆ’ಯಾಗಿ ಬರೆದವರು. ಅವರಿಗಿಂತ ಹಿರಿಯರಾದ ಹರ್ಮನ್ ಮೋಗ್ಲಿಂಗ್ ದಾಸರ ಪದಗಳನ್ನು ಸಂಗ್ರಹಿಸಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದವರು. ಕನ್ನಡದ ಕಿವಿಗೆ ಯಾವ ಭಕ್ತಿ ಹೇಗೆ ಕೇಳುತ್ತದೆಂದು ತಿಳಿಯುವ ಹಂಬಲ ಆ ಮಿಷನರಿಗಳಿಗಿತ್ತು. ಪಕ್ಕದ ಮಹಾರಾಷ್ಟ್ರದಲ್ಲಿ ಮರಾಠಿ ಕವಿ ನಾರಾಯಣ ವಾಮನ ಟಿಳಕರು 1895ರಲ್ಲಿ ದೀಕ್ಷಾಸ್ನಾನ ಪಡೆದ ಮೇಲೂ ಅಭಂಗಗಳನ್ನು ಬಿಡಲಿಲ್ಲ. ತುಕಾರಾಮನೆಂಬ ಸೇತುವೆಯ ಮೇಲೆ ನಡೆದು ಕ್ರಿಸ್ತನಲ್ಲಿಗೆ ಬಂದವನು ತಾನೆಂದು ಅವರು ಭಾವಿಸಿದ್ದರು. ಅವರು ಅರ್ಧಕ್ಕೇ ಬಿಟ್ಟುಹೋದ, ಕ್ರಿಸ್ತನ ಚರಿತ್ರೆಯ ಕಾವ್ಯ ‘ಖ್ರಿಸ್ತಾಯನ’ವನ್ನು ಮುಂದುವರಿಸಿ ಮುಗಿಸಿದವರು ಅವರ ಪತ್ನಿ ಲಕ್ಷ್ಮೀಬಾಯಿ. ಒಂದೊಂದು ವಾರಕ್ಕೆ ಒಬ್ಬೊಬ್ಬರನ್ನು ತೆಗೆದುಕೊಂಡರೂ ನಿಮ್ಮ ಅಂಕಣಕ್ಕೆ ಬಹುಕಾಲ ಸಾಮಗ್ರಿ ದೊರೆಯುತ್ತದೆ.

ಆದ್ದರಿಂದ ಗೀತೆಯೊಂದನ್ನು ಪ್ರಕಟಿಸುವಾಗ ಅದನ್ನು ಬರೆದವರ ಹೆಸರು, ಊರು, ಇಸವಿ ಮತ್ತು ಯಾವ ವಾಕ್ಯಭಾಗದ ಮೇಲೆ ಅದು ಹುಟ್ಟಿತೆಂಬುದನ್ನು ಎರಡು ಸಾಲಿನಲ್ಲಿ ಕೊಡಬೇಕೆಂದೂ, ಖಚಿತವಲ್ಲದ ಕಥೆಯನ್ನು ‘ಹೀಗೊಂದು ಹೇಳಿಕೆಯಿದೆ’ ಎಂದೇ ಬರೆಯಬೇಕೆಂದೂ ಅಂಕಣದ ಬರಹಗಾರರಲ್ಲಿ ನನ್ನ ವಿನಂತಿ. ‘ಅಮೇಜಿಂಗ್ ಗ್ರೇಸ್’ ಕುರಿತು ಪ್ರಕಟವಾದ ಬರಹಕ್ಕೆ ಒಂದು ತಿದ್ದುಪಡಿಯನ್ನು ಅದೇ ಅಂಕಣದಲ್ಲಿ ಕೊಟ್ಟರೆ ಉಪಕಾರವಾಗುತ್ತದೆ. ಭಾನುವಾರದ ಶಾಲೆಗಳಲ್ಲಿ ಪಾಠ ಹೇಳುವ ಅನೇಕರು ನಿಮ್ಮ ಅಂಕಣವನ್ನು ಕತ್ತರಿಸಿಟ್ಟು ಮಕ್ಕಳಿಗೆ ಓದಿ ಹೇಳುತ್ತಾರೆ. ಆ ತಿದ್ದುಪಡಿ ಅವರಿಗೂ ತಲುಪಬೇಕು.

ಇಂತಿ ನಮಸ್ಕಾರಗಳೊಂದಿಗೆ,
ನಿಮ್ಮ ಪತ್ರಿಕೆಯ ಹಳೆಯ ಓದುಗ
ಬಲ್ಮಠ, ಮಂಗಳೂರು